ಬೋರಮಾಳದ ಕೆಂಪು ನೀರು

"ನೀಲಿ ಆತ್ರಿ! ಬಾಯಾರ, ನೀಲಿ ಆತು ನೋಡ್ರಿ!"

ಪೊಲೀಸ್ ಜಮಾದಾರ ದೌಲತರಾಯ ಎದ್ದ ರಭಸಕ್ಕೆ ಚಹದ ಕಪ್ಪು ಬಸಿಯ ಮೇಲೆ ಹೊರಳಿಬಿತ್ತು. ಸುಮಿತ್ರಾಬಾಯಿ ಮಾತ್ರ ಕದಲಲಿಲ್ಲ. ಕೈಯಲ್ಲಿದ್ದ ಗಾಜಿನ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಗಳಿಗೆಯ ಹಿಂದೆ ಇಳಕಲ್ ಸೀರೆಯ ಸೆರಗಿನಂತೆ ಕೆಂಪಗಿದ್ದ ನೀರು ಈಗ ಬಿಳಿ ಬಟ್ಟೆಗೆ ಹಾಕುವ ನೀಲಿಯಂತೆ ಕಂದಿ ಕೂತಿತ್ತು.

ಅದಕ್ಕೆ ಹಾಕಿದ್ದು ಜೇವರ್ಗಿಯ ಮದುವೆಮನೆಯ ಬ್ಯಾಳಿಯ, ಅಂದರೆ ತೊಗರಿಬೇಳೆ ಸಾರಿನ, ಒಂದು ಹನಿ. ಎಂಟು ದಿನದ ಹಿಂದೆ ಆ ಊಟ ಉಂಡು ಮದುಮಗನ ಅಜ್ಜ ಬಸವಂತರಾಯ ತೀರಿಕೊಂಡಿದ್ದ, ಒಂಬತ್ತು ಜನ ಗುಲಬರ್ಗಾದ ದವಾಖಾನೆ ಸೇರಿದ್ದರು, ಅಡುಗೆ ಮಾಡಿದ ಆಳಂದದ ತುಳಜಾಬಾಯಿಯ ಕಡೆಗೆ ಎಲ್ಲರ ಬೆರಳೂ ತಿರುಗಿತ್ತು.

"ಇಷ್ಟ ಬೇಕಾಗಿತ್ತು ನಮಗ," ಎಂದ ದೌಲತರಾಯ, ಟೋಪಿ ಕೈಗೆತ್ತಿಕೊಳ್ಳುತ್ತ. "ಸಂಜಿ ಐದಕ್ಕ ಫೌಜದಾರ ಸಾಹೇಬ್ರು ಬರ್ತಾರ. ಬ್ಯಾಳ್ಯಾಗ ವಿಷ ಐತಿ ಅಂತ ಬರದ ಕಾಗದ ಅವರ ಕೈಯಾಗ ಇಡ್ತೇನಿ. ಆಕಿನ್ನ ಜೀಪಿನ್ಯಾಗ ಕುಂದ್ರಿಸಿಕೊಂಡು ಹೋಗ್ತಾರ. ಮುಗೀತು."

"ಜರಾ ಕೂಡ್ರಿ ಜಮಾದಾರ್ರ."

"ಇನ್ನೇನ್ ಉಳೀತ್ರಿ?"

"ಉಪ್ಪು ಉಳೀತು."

ಆಗ ಎಂಬತ್ತೇಳರ ಮೇ ತಿಂಗಳು. ಸೂಟಿಗೆ ಬಾಗಿಲು ಹಾಕಿದ್ದ ಆಳಂದದ ಹೈಸ್ಕೂಲಿನ ವಿಜ್ಞಾನದ ಖೋಲಿಯ ಕೀಲಿಯನ್ನು ಸುಮಿತ್ರಾಬಾಯಿ ತನ್ನ ಹಳೆಯ ಗುರುಗಳಿಂದ ಬೇಡಿ ತಂದಿದ್ದಳು. ಇದೇ ಖೋಲಿಯಲ್ಲಿ, ಇದೇ ಸುಟ್ಟ ಕಲೆಯ ಮೇಜಿನ ಮೇಲೆ, ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳು ಮೊದಲ ಸಲ ಲಿಟ್ಮಸ್ ಕಾಗದ ಕೆಂಪಾಗುವುದನ್ನು ನೋಡಿ ಹೌಹಾರಿದ್ದಳು. ಈಗ ಗುಲಬರ್ಗಾದ ಕಾಲೇಜಿನಲ್ಲಿ ಅದನ್ನೇ ಮಕ್ಕಳಿಗೆ ಕಲಿಸುತ್ತಿದ್ದಳು. ಅವ್ವನ ಗೆಳತಿ ತುಳಜಾಬಾಯಿಯ ಸುದ್ದಿ ಕಿವಿಗೆ ಬಿದ್ದ ದಿನವೇ ಬಸ್ಸು ಹತ್ತಿ ಬಂದಿದ್ದಳು.

ಬರುವಾಗ ಅವ್ವನ ಬೋರಮಾಳದಿಂದ, ಆ ಬಂಗಾರದ ಗುಂಡಿನ ಸರದಿಂದ, ಒಂದು ಗುಂಡು ಕಳಚಿ ತಂದಿದ್ದಳು.

ಹೈದರಾಬಾದಿನಲ್ಲಿ ಓದುವಾಗ ಮುದುಕ ಮೇಷ್ಟ್ರೊಬ್ಬರು ಹೇಳಿಕೊಟ್ಟ ಕೆಲಸ ಅದು. ಗುಂಡಿನೊಳಗಿನ ಅರಗು ತೆಗೆದು, ಬಂಗಾರದ ತಗಡನ್ನು ಆಮ್ಲದಲ್ಲಿ ಕರಗಿಸಿ, ನಿಂಬೆಹುಳಿಯ ಉಪ್ಪು ಹಾಕಿ ಕುದಿಸಬೇಕು. ಹಳದಿ ನೀರು ಮೊದಲು ಬಣ್ಣಗೆಡುತ್ತದೆ, ಆಮೇಲೆ ಮಸಿಯಂತಾಗುತ್ತದೆ, ಇನ್ನೇನು ಕೆಟ್ಟಿತು ಅನ್ನುವಾಗ ಕೆಂಪಗೆ ಬಿರಿಯುತ್ತದೆ. ಬಂಗಾರ ಎಲ್ಲಿಗೂ ಹೋಗಿರುವುದಿಲ್ಲ. ಹೈಸ್ಕೂಲಿನ ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಸಣ್ಣ ಕಣಗಳಾಗಿ ಆ ನೀರಿನಲ್ಲೇ ತೇಲಾಡುತ್ತಿರುತ್ತದೆ. ಕಣಗಳು ಬಿಡಿಬಿಡಿಯಾಗಿ ಇರುವತನಕ ನೀರು ಕೆಂಪು. ಗಂಧಕ ಬೆರೆತ ವಿಷ ಒಂದಿಷ್ಟು ಸೋಕಿದರೂ ಸಾಕು, ಹದ್ದಿನ ನೆರಳು ಬಿದ್ದ ಕೋಳಿಮರಿಗಳಂತೆ ಅವು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ನೀರು ನೀಲಿಯಾಗುತ್ತದೆ.

ಆದರೆ ಕೋಳಿಮರಿಗಳು ಹದ್ದಿಗೆ ಅಂಜಿದಂತೆ ಗಾಳಿಗೆ ಹಾರುವ ಅರಿವೆಗೂ ಅಂಜುತ್ತವೆ.

ಸುಮಿತ್ರಾಬಾಯಿ ಇನ್ನೊಂದು ನಳಿಗೆಗೆ ಕೆಂಪು ನೀರು ಸುರಿದಳು. ಚಹದ ಜೊತೆ ಬಂದಿದ್ದ ಮಿರ್ಚಿಭಜಿಯ ಪೊಟ್ಟಣದಿಂದ ಒಂದು ಚಿಟಿಕೆ ಉಪ್ಪು ತೆಗೆದು ಶುದ್ಧ ನೀರಿನಲ್ಲಿ ಕದಡಿ, ಅದರ ಎರಡು ಹನಿ ಬಿಟ್ಟಳು.

ಕೆಂಪು ಕಂದಿತು. ನೇರಳೆಯಾಯಿತು. ನೀಲಿಯಾಗಿ ನಿಂತಿತು.

ದೌಲತರಾಯ ನಳಿಗೆಯ ಹತ್ತಿರ ಬಗ್ಗಿದ. "ಅಂದ್ರ ನಿಮ್ಮ ಬಂಗಾರದ ನೀರಿಗೆ ವಿಷಕ್ಕೂ ಉಪ್ಪಿಗೂ ಫರಕ ತಿಳಿಯಂಗಿಲ್ಲೇನ್ರಿ?"

"ನೀರಿಗೆ ತಿಳಿಯಂಗಿಲ್ಲ. ನೋಡಾಕಿಗೆ ತಿಳೀಬೇಕು. ಉಪ್ಪು, ಬಳ್ಳೊಳ್ಳಿ ಹಾಕದ ಬ್ಯಾಳಿ ಯಾರ ಮನ್ಯಾಗ ಕುದೀತದ ಹೇಳ್ರಿ? ನಿಮ್ಮ ಮನ್ಯಾಗಿನ ಬ್ಯಾಳಿ ತಂದ್ರೂ ನೀಲಿ ಆಗ್ತದ. ನನಗ ಕುದ್ದ ಬ್ಯಾಳಿ ಬ್ಯಾಡ. ಉಪ್ಪು ಮುಟ್ಟದ ಹಸಿ ಬ್ಯಾಳಿ ಬೇಕು."

ದೌಲತರಾಯ ಮತ್ತೆ ಕುರ್ಚಿಗೆ ಬಿದ್ದ. ಆಳಂದದಲ್ಲಿ ಅವನದು ಒಳ್ಳೆಯ ಹೆಸರು. ಸಂತೆಯಲ್ಲಿ ಕಾಯಿಪಲ್ಲೆ ಕೊಂಡರೆ ರೊಕ್ಕ ಕೊಟ್ಟು ಕೊಳ್ಳುತ್ತಿದ್ದ ಪೊಲೀಸಿನವ ಅವನೊಬ್ಬನೇ ಎಂದು ಜನ ಈಗಲೂ ನೆನೆಯುತ್ತಾರೆ.

"ಹಸಿ ಬ್ಯಾಳಿ ನೋಡಿ ಏನ್ ಮಾಡ್ತೀರಿ ಬಾಯಾರ? ಆಕಿ ಮಾತ ಆಕಿಗೆ ಉರುಲಾಗೇತಿ. ಪಂಚರ ಮುಂದ ಎದಿ ತಟ್ಟಿಕೊಂಡು ಹೇಳ್ಯಾಳ. ತೊಗರಿ ಆರಿಸಾಕಿ ನಾ, ಬೀಸಾಕಿ ನಾ, ಕುದಿಸಾಕಿ ನಾ, ನಡುವ ಮತ್ತೊಬ್ರ ಕೈ ಬಿದ್ದಿಲ್ಲ ಅಂತ. ಮತ್ತೊಬ್ರ ಕೈ ಬಿದ್ದಿಲ್ಲ ಅಂದ ಮ್ಯಾಲೆ ವಿಷ ಹಾಕಿದ ಕೈ ಯಾರದು? ಮ್ಯಾಲೆ ತಾನು ಆ ದಿವ್ಸ ಒಂದ್ ತುತ್ತೂ ಉಂಡಿಲ್ಲ."

"ಅವತ್ತ ಸೋಮವಾರ. ನಾ ಹುಟ್ಟೂಕಿಂತ ಮೊದ್ಲಿಂದ ಆಕಿ ಸೋಮವಾರ ಒಪ್ಪತ್ತು."

"ಅದು ನಿಮಗ ಗೊತ್ತು. ಫೌಜದಾರ್ರಿಗೆ ಸೋಮವಾರ ಮಂಗಳವಾರ ಏನ್ರಿ?"

"ಐದರತನಕ ಟೈಮ್ ಕೊಡ್ರಿ."

ಅವನು ಗಡಿಯಾರ ನೋಡಿದ. ಹನ್ನೊಂದೂವರೆ. ಬಹಳ ಹೊತ್ತು ನೋಡಿದ. "ಐದು ಅಂದ್ರ ಐದು," ಎಂದು ಎದ್ದು ಹೋದ.

* * *

ತುಳಜಾಬಾಯಿಯ ಮನೆಗೆ ಹೋಗುವ ಗಲ್ಲಿಯಲ್ಲಿ ಒಂದು ಕಾಲಕ್ಕೆ ಹೆಜ್ಜೆ ಇಟ್ಟರೆ ಸಾಕು, ಕೆಮ್ಮಣ್ಣಿನ ವಾಸನೆ ಮೂಗಿಗೆ ಬರುತ್ತಿತ್ತು.

ಸಂಕ್ರಾಂತಿ ಕಳೆದು ತೊಗರಿ ಮನೆಗೆ ಬಂತೆಂದರೆ ಹೆಂಗಸರಿಗೆ ಒಂದು ತಿಂಗಳು ಬಿಡುವಿಲ್ಲ. ತೊಗರಿ ನೆನೆಸಬೇಕು. ಕೆಮ್ಮಣ್ಣು ಕಲಸಿ ಹಚ್ಚಬೇಕು. ಒಂದು ರಾತ್ರಿ ಗುಡ್ಡೆಹಾಕಿ ಮುಚ್ಚಿ, ಆಮೇಲೆ ಮಾಳಿಗೆಯ ಮೇಲೆ ನಾಲ್ಕು ದಿನ ಒಣಗಿಸಬೇಕು. ಬಿಸಿಲಿಗೆ ಸಿಪ್ಪೆ ತಾನೇ ಸಡಿಲಾಗುತ್ತದೆ, ಬೀಸುಕಲ್ಲಿಗೆ ಹಾಕಿದರೆ ಚಟ್ಟನೆ ಎರಡು ಹೋಳಾಗುತ್ತದೆ. ಸುಮಿತ್ರಾಳ ಅವ್ವ ಕಲ್ಲಿನ ಆ ಕಡೆ, ತುಳಜಾಬಾಯಿ ಈ ಕಡೆ. ಗೂಟ ಒಂದೇ, ಹಿಡಿದ ಕೈ ಎರಡು. ಒಬ್ಬಳು ಹಾಡಿನ ಒಂದು ನುಡಿ ಎತ್ತಿದರೆ ಇನ್ನೊಬ್ಬಳು ಮುಂದಿನದು. ನಡುವೆ ಹಾಡು ಮರೆತರೆ ಅತ್ತೆಯಂದಿರ ಮೇಲೆ ಹೊಸ ನುಡಿ ಕಟ್ಟಿ ನಗುತ್ತಿದ್ದರು. ಕಲ್ಲಿನ ಬುಡದಲ್ಲಿ ಕೂತ ಸುಮಿತ್ರಾ ಸಿಡಿದ ನುಚ್ಚನ್ನು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಬಿಸಿಲು, ಮಣ್ಣು, ಹಸಿ ಬ್ಯಾಳಿ. ಆ ರುಚಿ ಮುಂದೆ ಯಾವ ಊರಿನಲ್ಲೂ ಸಿಗಲಿಲ್ಲ.

ಅವ್ವ ಹೋಗಿ ಆರು ವರ್ಷ. ಗಲ್ಲಿಯ ತುದಿಗೆ ಈಗ ಖಂಡಪ್ಪನ ಬ್ಯಾಳಿ ಮಿಲ್ಲಿನ ತಗಡಿನ ಛಾವಣಿ ಹೊಳೆಯುತ್ತಿತ್ತು.

ತುಳಜಾಬಾಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಅರವತ್ತೈದು ದಾಟಿದ ಜೀವ, ಎಂಟು ದಿನದಲ್ಲಿ ಎಪ್ಪತ್ತೈದರದಾಗಿತ್ತು.

"ಬಾ ಬೇ ಸುಮಿ. ಎಂಟು ದಿನದಾಗ ಈ ಹೊಸ್ತಿಲ ದಾಟಿ ಬಂದಾಕಿ ನೀ ಒಬ್ಬಾಕಿ. ಬೆಕ್ಕು ಸೈತ ಬಾಜೂಕಿನ ಸೈದಪ್ಪನ ಮನೀಗೆ ಹೋಗೇದ, ಇಲ್ಲಿ ಹಾಲು ಕುಡದ್ರ ಏನಾಗ್ತದೋ ಅಂತ."

"ಬೆಕ್ಕಿಗೆ ಅಲ್ಲಿ ಇಲಿ ಜಾಸ್ತಿ ಸಿಗ್ತಾವ ಮಾವಶಿ."

"ಚಹಾ ಮಾಡ್ಲೇನು? ಕುಡೀತೀ? ಅಂಜಿಕಿ ಇಲ್ಲಲ್ಲ?"

"ಬೆಲ್ಲ ಜಾಸ್ತಿ ಹಾಕು."

ಮುದುಕಿ ತುಟಿ ಕಚ್ಚಿಕೊಂಡು ಒಳಗೆ ಹೋದಳು. ಸುಮಿತ್ರಾ ಆ ಚಹವನ್ನು ಕೊನೆಯ ಗುಟುಕಿನವರೆಗೂ ಕುಡಿದಳು. ತುಳಜಾಬಾಯಿ ಅವಳ ಗಂಟಲನ್ನೇ ನೋಡುತ್ತ ಕೂತಿದ್ದಳು.

ಆಮೇಲೆ ಚೀಲದಿಂದ ನಳಿಗೆ, ಸ್ಪಿರಿಟ್ಟಿನ ಸೀಸೆ, ಕೆಂಪು ನೀರು ಎಲ್ಲ ಹೊರಬಂದವು. ಅಡುಗೆಮನೆಯ ದೊಡ್ಡ ಗಡಿಗೆಯಿಂದ ಒಂದು ಹಿಡಿ ಬ್ಯಾಳಿ ತರಿಸಿದಳು. ಅದನ್ನು ಸ್ಪಿರಿಟ್ಟಿನಲ್ಲಿ ಅಲುಗಿಸಿ, ತಿಳಿಯನ್ನು ಬಟ್ಟಲಿನಲ್ಲಿ ಆರಲು ಬಿಟ್ಟು, ಉಳಿದ ಜಿಡ್ಡಿನ ಮೇಲೆ ಕೆಂಪು ನೀರು ಹನಿಸಿದಳು. ಉಪ್ಪು ಸ್ಪಿರಿಟ್ಟಿಗೆ ಇಳಿಯುವುದಿಲ್ಲ, ಎಣ್ಣೆಯಂಥ ವಿಷ ಇಳಿಯುತ್ತದೆ. ಈ ಸಲ ನೀರು ಮೋಸ ಮಾಡುವಂತಿರಲಿಲ್ಲ.

ಒಂದು ನಿಮಿಷ. ಐದು ನಿಮಿಷ. ಹತ್ತು.

ಕೆಂಪು ಕೆಂಪಾಗಿಯೇ ಇತ್ತು.

"ಮಾವಶಿ! ನಿನ್ನ ಬ್ಯಾಳಿ ಸ್ವಚ್ಛ ಅದ!"

"ನನಗ ಹೇಳ್ತೀಯೇನ ಬೇ?" ಎಂದಳು ತುಳಜಾಬಾಯಿ. ಆದರೆ ಆ ಮಾತಿನಲ್ಲಿ ಗೆದ್ದವರ ಸದ್ದು ಇರಲಿಲ್ಲ. ಅವಳ ಕಣ್ಣು ಗೂಟಕ್ಕೆ ನೇತುಹಾಕಿದ್ದ ಒಂದು ಕೋರಾ ಬಟ್ಟೆಯ ಚೀಲದ ಕಡೆಗೆ ಹೋಗಿ ಥಟ್ಟನೆ ಹಿಂದಕ್ಕೆ ಬಂತು.

ಪರೀಕ್ಷೆಯ ಖೋಲಿಯಲ್ಲಿ ನಕಲು ಮಾಡುವ ಮಕ್ಕಳನ್ನು ಹನ್ನೆರಡು ವರ್ಷ ಕಾದವಳು ಸುಮಿತ್ರಾ. ಕಣ್ಣು ಎಲ್ಲಿಗೆ ಹೋಗಿ ಬಂತೆಂಬುದು ಅವಳಿಗೆ ತಪ್ಪುವುದಿಲ್ಲ.

"ಜೇವರ್ಗಿಗೆ ಬ್ಯಾಳಿ ಒಯ್ದ ಚೀಲ ಅದೇನು?"

"ಹೂಂ. ಒಗೀಬೇಕು ಅದನ್ನ."

"ಈಗ ಬ್ಯಾಡ."

ಚೀಲವನ್ನು ಒಳಮಗ್ಗಲಾಗಿ ತಿರುವಿದಳು. ಹೊಲಿಗೆಯ ಸಂದಿಯಲ್ಲಿ ಏಳು ಹೋಳು ಬ್ಯಾಳಿ ಸಿಕ್ಕಿಕೊಂಡಿದ್ದವು. ಅವನ್ನು ಎಡಗೈಯಲ್ಲಿಟ್ಟು, ಗಡಿಗೆಯ ಬ್ಯಾಳಿಯನ್ನು ಬಲಗೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಬಂದಳು.

ಗಡಿಗೆಯ ಬ್ಯಾಳಿ ಮಂಕಾಗಿತ್ತು. ಪ್ರತಿ ಹೋಳಿನ ಅಂಚಿನಲ್ಲೂ ಕೂದಲೆಳೆಯಷ್ಟು ಕೆಂಪು, ಕೆಮ್ಮಣ್ಣಿನ ಗುರುತು. ಎಷ್ಟು ಕೇರಿದರೂ ಅದು ಹೋಗುವುದಿಲ್ಲ. ಚೀಲದ ಬ್ಯಾಳಿಗೆ ಆ ಗೆರೆ ಇರಲಿಲ್ಲ. ಹಳದಿ ಹೊಳಪು. ಬೆರಳಲ್ಲಿ ತಿಕ್ಕಿದರೆ ಜಾರುತ್ತಿತ್ತು.

ಮಿಲ್ಲಿನಲ್ಲಿ ಕೆಮ್ಮಣ್ಣು ಹಚ್ಚುವುದಿಲ್ಲ. ಅಲ್ಲಿ ತೊಗರಿಯ ಸಿಪ್ಪೆ ಸಡಿಲಿಸಲು ಎಣ್ಣೆ ಹಚ್ಚುತ್ತಾರೆ.

ಆ ಏಳು ಹೋಳನ್ನು ಸ್ಪಿರಿಟ್ಟಿಗೆ ಹಾಕಿದಳು. ಜೊತೆಗೆ ದೇವರ ಮುಂದಿನ ದೀಪದಿಂದ ಒಂದು ಹನಿ ಎಣ್ಣೆ ತೆಗೆದು ಇನ್ನೊಂದು ನಳಿಗೆಯಲ್ಲಿ ನೋಡಿದಳು, ಬರೀ ಎಣ್ಣೆಗೆ ನೀರು ಬಣ್ಣ ಬದಲಿಸುತ್ತದೆಯೋ ಎಂದು. ದೀಪದ ಎಣ್ಣೆಗೆ ಕೆಂಪು ಕೆಂಪಾಗಿಯೇ ಉಳಿಯಿತು.

ಏಳು ಹೋಳಿನ ನಳಿಗೆ ಮಾತ್ರ ನೋಡನೋಡುತ್ತಿದ್ದಂತೆ ನೇರಳೆಯಾಗಿ, ನೀಲಿಗೆ ಇಳಿಯಿತು.

"ಮಾವಶಿ."

"ಏನ?"

"ಇದು ನಿನ್ನ ಬ್ಯಾಳಿ ಅಲ್ಲ."

ತುಳಜಾಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ನಂದಲ್ದ ಮತ್ಯಾರ್ದು? ನಾಕು ತಾಲೂಕಿನ್ಯಾಗ ಕೇಳು. ಅಫಜಲಪುರದಾಗ, ಜೇವರ್ಗ್ಯಾಗ, ಲಗ್ನ ಹಿಡದ್ರ ಮೊದಲ ಮಾತು ತುಳಜಾಬಾಯಿ ಬ್ಯಾಳಿ ತರ್ರಿ ಅಂತ. ನಿಮ್ಮವ್ವನ ಲಗ್ನದಾಗೂ ನಂದ. ನಿನ್ನ ತೊಟ್ಟಿಲದಾಗೂ ನಂದ."

"ಅವು ನಿನ್ನವು. ಇದು ಮಿಲ್ಲಿಂದು."

"ಬಾಯಿ ಮುಚ್ಚು."

"ಮುಚ್ಚೇನಿ. ಐದಕ್ಕ ಜೀಪು ಬರ್ತದ. ಎಲ್ಲಾ ನನ್ನ ಕೈಯ್ಯಾಗಿಂದ ಅಂತ ನೀ ಅಂದ್ರ ವಿಷನೂ ನಿನ್ನ ಕೈಯ್ಯಾಗಿಂದ ಅಂತ ಬರೀತಾರ. ಖೂನಿ ಅಂತ ಬರೀತಾರ ಮಾವಶಿ."

"ಬರೀಲಿ."

"ಮಾವಶಿ!"

"ಬರೀಲಿ ಅಂದೆ! ಜೇಲಿಗೆ ಹೋಗ್ತೇನಿ. ತುಳಜಾಬಾಯಿ ಮಿಲ್ಲಿನ ಬ್ಯಾಳಿ ತಂದು ತನ್ನದ ಅಂತ ಮಾರಿದ್ಳು ಅಂತ ಅನಿಸಿಕೊಳ್ಳಾಂಗಿಲ್ಲ!"

ಹಾಗಂದವಳೇ ತನ್ನ ಮಾತು ತನಗೇ ಕೇಳಿದಂತಾಗಿ ತಲೆ ತಗ್ಗಿಸಿದಳು. ಮೂಲೆಯಲ್ಲಿದ್ದ ಬೀಸುಕಲ್ಲಿನ ಮೇಲೆ ಒಂದು ಗೋಣಿ ಮುಚ್ಚಿತ್ತು. ಸುಮಿತ್ರಾ ಎದ್ದು ಹೋಗಿ ಗೋಣಿ ಸರಿಸಿದಳು. ಗೂಟದ ತೂತಿನಲ್ಲಿ ಜೇಡ ಬಲೆ ಕಟ್ಟಿತ್ತು.

ಅವಳು ಬೆರಳಿನಿಂದ ಆ ಬಲೆ ಬಿಡಿಸಿದಳು.

"ಇಲ್ಲಿ ನೋಡು," ಎಂದು ತುಳಜಾಬಾಯಿ ಬಲಗೈ ಚಾಚಿದಳು. ಹೆಬ್ಬೆರಳಿನ ಬುಡ ಹಸಿಶುಂಠಿಯ ಗಂಟಿನಂತೆ ಬಾತಿತ್ತು. "ಮೂರು ವರ್ಷ ಆತು. ಲೋಟ ಹಿಡದ್ರ ಜಾರ್ತದ. ಗೂಟ ಎಲ್ಲಿ ಹಿಡೀಲಿ? ನಿಮ್ಮವ್ವ ಇದ್ಳು, ಅರ್ಧ ಭಾರ ಆಕಿ ಎಳೀತಿದ್ಳು. ಆಕಿ ಹ್ವಾದ ಮ್ಯಾಲೆ ಗೊತ್ತಾತು ನೋಡು, ಅರ್ಧ ಅಲ್ಲ, ಪೂರಾ ಆಕಿನ ಎಳೀತಿದ್ಳು, ನಾ ಬರೇ ಹಾಡು ಹಾಡ್ತಿದ್ದೆ ಅಂತ."

ಸುಮಿತ್ರಾ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

"ಗಡಿಗ್ಯಾಗ ಇರೂದು ವರ್ಷಕ್ಕೊಂದು ನಾಕು ಸೇರು, ನಾ ಮಾಡಿದ್ದು. ಬಂದವ್ರಿಗೆ ತೋರ್ಸಾಕ. ಲಗ್ನಕ್ಕ ಹೋಗೂದೆಲ್ಲ ಖಂಡಪ್ಪನ ಮಿಲ್ಲಿಂದು. ಮಧ್ಯಾಹ್ನ ಮಂದಿ ಉಣ್ಣಾಕ ಹೋದಾಗ ಹಿಂದಿನ ಬಾಗಿಲಿಂದ ಹೋಗ್ತೇನಿ. ಅಲ್ಲಿ ಕೆಲಸ ಮಾಡೂ ಲಾಡ್ಲೆಸಾಬಗ ಒಬ್ಬಗ ಗೊತ್ತು. ಸೇಟ ಖಂಡಪ್ಪಗೂ ಗೊತ್ತಿಲ್ಲ. ಬರೇ ಮಿಲ್ಲಿಂದು ಹೆಂಗ ಒಯ್ಯೂದು ಅಂತ ಜೀವ ಕಡೀತಿತ್ತು. ಅಷ್ಟರಾಗಾದ್ರೂ ನನ್ನದು ಅಂತ ಏನರೆ ಇರ್ಲಿ ಅಂತ..."

ಮುಂದಿನ ಮಾತನ್ನು ನುಂಗಿಕೊಂಡಳು.

"ಏನ ಇರ್ಲಿ ಅಂತ?"

"ಏನಿಲ್ಲ ಬಿಡು."

"ಈ ಸಲದ ಬ್ಯಾಳಿಗೆ ವಾಸನಿ ಏನರೆ ಇತ್ತೇನು?"

"ಜರಾ ಬಳ್ಳೊಳ್ಳಿ ನಾತ ಬರ್ತಿತ್ತು. ಲಗ್ನದ ಮನ್ಯಾಗ ಎರಡು ಸೇರು ಬಳ್ಳೊಳ್ಳಿ ಸುಲದು ಇಟ್ಟಿದ್ರು, ಅದರದ ಅನ್ಕೊಂಡೆ. ಹಾಂ, ತೊಳಿಯೂಮುಂದ ಒಂದು ಕಂಡೆ. ನೀರು ಹಾಲಿನಂಗ ಬೆಳ್ಳಗಾತು. ಮಿಲ್ಲಿನ ಹಿಟ್ಟು ಅನ್ಕೊಂಡು ಚೆಲ್ಲಿದೆ."

"ಹಾಲಿನಂಗ? ಜಿಡ್ಡು ಮ್ಯಾಲೆ ತೇಲಲಿಲ್ಲ?"

"ಇಲ್ಲ ಬೇ. ಬೆಳ್ಳಗ, ಗಟ್ಟಿ ಹಾಲಿನಂಗ."

ತಿನ್ನುವ ಎಣ್ಣೆ ನೀರಿಗೆ ಬಿದ್ದರೆ ಮೇಲೆ ತೇಲುತ್ತದೆ. ನೀರನ್ನು ಹಾಲು ಮಾಡುವ ಎಣ್ಣೆ ಬೇರೆ. ತೊಗರಿಗೆ ಹುಳ ಬಿದ್ದಾಗ ಕೊಡದ ನೀರಿಗೆ ಎರಡು ಮುಚ್ಚಳ ಹಾಕಿ, ಬೆನ್ನಿಗೆ ಪಂಪು ಕಟ್ಟಿಕೊಂಡು ಸಿಂಪಡಿಸುತ್ತಾರಲ್ಲ, ಅದು. ಅಂಗಡಿಯವರು ಅದಕ್ಕೆ ಔಷಧ ಅನ್ನುತ್ತಿದ್ದರು. ಹೊಲದ ಮಂದಿ ಅದಕ್ಕೆ ಇಟ್ಟ ಹೆಸರು ಒಂದೇ: ಎಣ್ಣಿ. ಇವತ್ತ ತೊಗರಿಗೆ ಎಣ್ಣಿ ಹೊಡದ್ವಿ, ಎಂದೇ ಮಾತಾಡುತ್ತಿದ್ದರು.

ತಲೆಗೆ ಹಚ್ಚುವುದೂ ಎಣ್ಣಿ. ಹುಳ ಕೊಲ್ಲುವುದೂ ಎಣ್ಣಿ.

ಹೊರಗೆ ಸೈಕಲ್ಲಿನ ಗಂಟೆ ಕೇಳಿಸಿತು, ಐದಾಗುವ ಎಷ್ಟೋ ಮೊದಲೇ. ದೌಲತರಾಯ.

"ನಾ ಹೇಳ್ತೇನಿ ಅವರಿಗೆ," ಎಂದು ಸುಮಿತ್ರಾ ಎದ್ದಳು.

"ನೀ ಹೇಳಬ್ಯಾಡ." ತುಳಜಾಬಾಯಿ ಕಂಬ ಹಿಡಿದು ಎದ್ದು ನಿಂತಳು. "ನನ್ನ ಸುಳ್ಳು. ನಾನ ಹೇಳ್ತೇನಿ."

ಹೊಸ್ತಿಲ ಮೇಲೆ ನಿಂತು, ಎದುರುಮನೆಯ ಕಿಟಕಿಗಳು ತೆರೆದಿರುವುದನ್ನು ನೋಡಿಯೂ, ಇಡೀ ಗಲ್ಲಿಗೆ ಕೇಳುವಂತೆ ಹೇಳಿದಳು. "ಜಮಾದಾರ್ರ, ಬರಕೊಳ್ರಿ. ಆ ಬ್ಯಾಳಿ ನಂದಲ್ಲ. ಖಂಡಪ್ಪನ ಮಿಲ್ಲಿಂದು. ಮೂರು ವರ್ಷ ಆತು, ತುಳಜಾಬಾಯಿ ಬ್ಯಾಳಿ ಅಂತ ನೀವೆಲ್ಲ ಉಂಡಿದ್ದು ಮಿಲ್ಲಿಂದು."

ಎದುರುಮನೆಯಲ್ಲಿ ಯಾರೋ ಅಯ್ಯೋ ಎಂದರು. ತುಳಜಾಬಾಯಿ ತಿರುಗಿ ಒಳಗೆ ಬಂದು ಗೋಡೆಯ ಕಡೆಗೆ ಮುಖಮಾಡಿ ಮಲಗಿಬಿಟ್ಟಳು.

* * *

ಸುಮಿತ್ರಾ ಹೊಲದ ಎಣ್ಣಿಯ ವಿಷಯ ಹೇಳಿದ್ದೇ ತಡ, ಮಿಲ್ಲಿಗೆ ಹೋಗುವ ದಾರಿಯುದ್ದಕ್ಕೂ ದೌಲತರಾಯ ಒಂದೇ ಸಮನೆ ಮಾತಾಡಿದ. "ಖಂಡಪ್ಪಂದ ಮೂವತ್ತು ಎಕರೆ ತೊಗರಿ ಐತಿ ನೋಡ್ರಿ. ಗೋದಾಮಿನ್ಯಾಗ ಔಷಧದ ಡಬ್ಬಿ ರಾಶಿ ಬಿದ್ದಿರ್ತಾವ. ಹಮಾಲ್ರು ಯಾವ್ದೋ ಒಂದ್ ತಗೊಂಡು ಹಚ್ಚಿರ್ಬೇಕು. ಸೇಟು ಸೋಲಾಪುರಕ್ಕ ಹೋಗ್ಯಾನ, ಓಡಿ ಹೋಗ್ಯಾನೋ ಏನೋ!"

ಮಿಲ್ಲು ಆ ಹೊತ್ತಿಗೆ ನಿಂತಿತ್ತು. ಜನ ಊಟಕ್ಕೆ ಹೋಗಿದ್ದರು. ಲಾಡ್ಲೆಸಾಬ ಒಬ್ಬನೇ ತೊಗರಿಯ ರಾಶಿಯ ಪಕ್ಕ ಕೂತು ಮೂಗಿಗೆ ನಶ್ಯ ಏರಿಸುತ್ತಿದ್ದ. ನಲವತ್ತು ವರ್ಷ ನಶ್ಯ ತಿಂದ ಮೂಗು. ಸೆಗಣಿಗೂ ಸಂಪಿಗೆಗೂ ಭೇದ ತಿಳಿಯದು ಎಂದು ಅವನ ಹೆಂಡತಿ ವಜೀರುನ್ನಿಸಾ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

"ಸಲಾಂ ಸಾಬ್ರ. ಬರ್ರಿ ಬಾಯಾರ. ನಿಮ್ಮವ್ವ ಇದ್ದಂಗ ಇದ್ದೀರಿ ನೋಡ್ರಿ, ನಡಿಗಿ ಸೈತ."

"ಚಾಚಾ, ತೊಗರಿಗೆ ಹಚ್ಚೂ ಎಣ್ಣಿ ತೋರ್ಸು."

ಅವನು ಪೀಪಾಯಿಯ ಮುಚ್ಚಳ ತೆಗೆದ. ಅಗಸೆ ಎಣ್ಣೆ. ಸುಮಿತ್ರಾ ಅಲ್ಲೇ ಕೂತು ಸ್ಪಿರಿಟ್ಟು, ಬಟ್ಟಲು, ನಳಿಗೆ ಹೊಂದಿಸಿದಳು. ದೌಲತರಾಯ ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ.

ಕೆಂಪು ಕೆಂಪಾಗಿಯೇ ಉಳಿಯಿತು.

"ಇದ ಎಣ್ಣಿ ಹಚ್ಚಿದ್ದೇನು ಚಾಚಾ, ತುಳಜಾಬಾಯಿಗೆ ಕೊಟ್ಟ ಬ್ಯಾಳಿಗೆ?"

ಲಾಡ್ಲೆಸಾಬ ದೌಲತರಾಯನ ಕಡೆ ನೋಡಿದ. "ಸೇಟಗ ಹೇಳಬ್ಯಾಡ್ರಿ ಸಾಬ್ರ. ಆಕಿ ಬ್ಯಾಳಿಗೆ ಮಿಲ್ಲಿನ ಎಣ್ಣಿ ಹಚ್ಚಂಗಿಲ್ರಿ. ಆಕಿ ತನ್ನ ಎಣ್ಣಿನ ತಂದು ಕೊಡ್ತಾಳ. ಚಾಚಾ, ತೊಗರಿ ಮಿಲ್ಲಿಂದಾದ್ರ ಏನಾತು, ಎಣ್ಣಿಯಾದ್ರೂ ನಂದು ಇರ್ಲಿ, ಹೆಸರು ನಂದೈತಿ ಅಂತಾಳ. ಹುಚ್ಚಿ. ನಾ ಬ್ಯಾರೆ ಒಂದು ಗುಡ್ಡಿ ಹಾಕಿ ಹಚ್ಚಿ ಕೊಡ್ತೇನಿ."

ಸುಮಿತ್ರಾ ನಳಿಗೆಯನ್ನು ಕೆಳಗಿಟ್ಟಳು. ಅಷ್ಟು ಹೊತ್ತು ಕಷ್ಟಪಟ್ಟು ಮುದುಕಿಯ ಕೈಯಿಂದ ಬಿಡಿಸಿದ್ದನ್ನು ಈ ಒಂದು ಮಾತು ಮತ್ತೆ ಅವಳ ಕೈಗೇ ತಂದು ಇಟ್ಟಿತ್ತು.

"ಕೇಳಿದ್ರೇನ್ರಿ ಬಾಯಾರ?" ದೌಲತರಾಯನ ದನಿ ಏರಿತು. "ಮಿಲ್ಲು ಅಲ್ಲ, ಖಂಡಪ್ಪ ಅಲ್ಲ. ವಿಷ ತಂದು ಕೊಟ್ಟಾಕಿ ತುಳಜಾಬಾಯಿನ. ಮುಗೀತು."

"ಡಬ್ಬಿ ಅದ ಏನು ಚಾಚಾ?"

ಲಾಡ್ಲೆಸಾಬ ಗೋಣಿಗಳ ಹಿಂದೆ ಕೈ ಹಾಕಿ ಒಂದು ತಗಡಿನ ಡಬ್ಬಿ ತೆಗೆದ. ಮೈಮೇಲಿನ ಚೀಟಿ ಅರ್ಧ ಕಿತ್ತುಹೋಗಿತ್ತು. ತಳದಲ್ಲಿ ಇನ್ನೂ ಬೊಗಸೆಯಷ್ಟು ಇತ್ತು. ಸುಮಿತ್ರಾ ಮುಚ್ಚಳ ತೆಗೆಯುತ್ತಿದ್ದಂತೆ ಕೊಳೆತ ಬೆಳ್ಳುಳ್ಳಿಯಂಥ ನಾತ ಮುಖಕ್ಕೆ ಹೊಡೆಯಿತು. ಕುಡಿಯುವ ನೀರಿನ ತಂಬಿಗೆಯಿಂದ ಬಟ್ಟಲಿಗೆ ನೀರು ಸುರಿದು, ಕಡ್ಡಿಯ ತುದಿಯಿಂದ ಒಂದೇ ಹನಿ ಬಿಟ್ಟಳು.

ಬಟ್ಟಲು ಹಾಲಾಯಿತು.

ತುಳಜಾಬಾಯಿಗೆ ಒಂದು ಗೇಣು ಹೊಲ ಇಲ್ಲ. ಹೊಲ ಇಲ್ಲದವಳ ಮನೆಗೆ ಹೊಲದ ಎಣ್ಣಿ ಎಲ್ಲಿಂದ ಬಂತು?

"ಚಾಚಾ, ಪ್ರತಿ ಸಲ ಇಂಥಾ ಡಬ್ಬ್ಯಾಗ ತರ್ತಿದ್ಳೇನು?"

"ಇಲ್ರಿ. ಯಾವಾಗ್ಲೂ ಸೀಸ್ಯಾಗ ತರ್ತಿದ್ಳು, ಮನ್ಯಾಗ ಕಾಸಿದ ಔಡಲೆಣ್ಣಿ. ಈ ಸಲ ನಂದು ತೀರೇದ ಚಾಚಾ, ಒಬ್ರ ಮನಿಗೆ ಹೋಗಿ ಎಣ್ಣಿ ಕೊಡ್ರಿ ಅಂದೆ, ಪಾಪ ಡಬ್ಬಿನ ಎತ್ತಿ ಕೊಟ್ಟಾಳ ಅಂದ್ಳು."

"ಯಾರು ಕೊಟ್ಟಾರಂತ?"

ಲಾಡ್ಲೆಸಾಬ ನಶ್ಯದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಸಿಕ್ಕಿಸಿದ್ದನ್ನು ಮತ್ತೆ ಹೊರಗೆ ತೆಗೆದ.

"ಹೇಳು ಚಾಚಾ. ಆಕಿ ಜೀವ ನಿನ್ನ ಮಾತಿನ್ಯಾಗ ಅದ."

"ಹೀರಾಬಾಯಿ ಅಕ್ಕೋರ್ರಿ."

"ಯಾವ ಹೀರಾಬಾಯಿ?"

ಮುದುಕ ನೆಲ ನೋಡಿದ. "ನಮ್ಮ ಜಮಾದಾರ ಸಾಬ್ರ ಮನಿಯಾವ್ರು."

ಮಿಲ್ಲಿನ ಛಾವಣಿಯ ಮೇಲೆ ಒಂದು ಪಾರಿವಾಳ ಹೆಜ್ಜೆಹಾಕುವ ಸದ್ದು ಕೇಳುತ್ತಿತ್ತು. ದೌಲತರಾಯ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಮಾತಾಡಿದಾಗ ಅದು ಪೊಲೀಸಿನವನ ದನಿಯಾಗಿರಲಿಲ್ಲ.

"ಆಕಿಗೆ ಓದಾಕ ಬರಂಗಿಲ್ರಿ ಬಾಯಾರ. ಎಣ್ಣಿ ಕೇಳಿದ್ಳು, ಎಣ್ಣಿ ಕೊಟ್ಟಾಳ. ಹವಳಗಾದಾಗಿನ ನಮ್ಮ ಹೊಲದಿಂದ ತಂದ ಎರಡೂ ಡಬ್ಬಿ ಅಟ್ಟದ ಮ್ಯಾಲೆ ಒಂದಕ್ಕೊಂದು ಹತ್ತಿ ಇದ್ದುವು. ಔಡಲೆಣ್ಣಿದು ಈ ಕಡೆ, ಹುಳದ್ದು ಆ ಕಡೆ. ಕತ್ತಲ್ಯಾಗ ಕೈ ಹಾಕ್ಯಾಳ. ಆಕಿ ಏನ್ ಖೂನಿ ಮಾಡ್ಯಾಳ?"

ಸುಮಿತ್ರಾ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಧಾನವಾಗಿ ಎದ್ದಳು. ಲಾಡ್ಲೆಸಾಬ ಅಟ್ಟ ಅಂದಿರಲಿಲ್ಲ. ಎರಡು ಡಬ್ಬಿ ಅಂದಿರಲಿಲ್ಲ. ಕತ್ತಲೆ ಅಂದಿರಲಿಲ್ಲ.

"ಜಮಾದಾರ್ರ, ನಿಮಗ ಇದು ಯಾವಾಗ ಗೊತ್ತಾತು?"

"ಡಬ್ಬಿ ಕೊಡ್ರಿ. ಮುದ್ದೆಮಾಲು ಅದು, ಕೇಸಿನ ಪುರಾವೆ. ಕಾಯ್ದೆ ಪ್ರಕಾರ ನನ್ನ ಕೈಗೆ ಬರಬೇಕು."

"ಪಂಚರನ್ನ ಕರೀರಿ. ಪಂಚರ ಮುಂದ ಕೊಡ್ತೇನಿ."

"ಬಾಯಾರ, ಕೈ ಮುಗೀತೇನಿ. ನನ್ನ ಸಣ್ಣ ಮಗಳ ಲಗ್ನ ಮುಂದಿನ ತಿಂಗಳು. ಆ ಮುದಿಕಿಗೆ ಹಿಂದ ಮುಂದ ಯಾರೂ ಇಲ್ಲ."

"ಅದಕ್ಕ ಆಕಿ ಹೋಗ್ಲಿ ಅಂತೀರೇನು?"

ಅವನು ಕೈ ಮುಗಿದವನು ಹಾಗೆಯೇ ನಿಂತಿದ್ದ. ಕಣ್ಣಿಂದ ನೀರು ಇಳಿದು ಮೀಸೆಯಲ್ಲಿ ಸಿಕ್ಕಿಕೊಂಡಿತ್ತು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಅವಳ ಮುಖದ ಮೇಲಿನ ದೃಷ್ಟಿ ತೆಗೆಯದೆಯೇ, ಬೆನ್ನ ಹಿಂದೆ ಕೈ ಹಾಕಿ ಮಿಲ್ಲಿನ ಬಾಗಿಲು ಮುಚ್ಚಿ ಒಳಗಿನಿಂದ ಅಗಳಿ ಹಾಕಿದ.